ಮರದ ಚಿತ್ರಕ್ಕೆ ಮರವೇ ಎದುರಿರಲಿ

ಮಾನ್ಯ ಸಂಪಾದಕರೇ,

ಬೇಸಿಗೆ ಶಿಬಿರಗಳಲ್ಲಿ ಮೊಬೈಲ್ ಫೋಟೊ ನೋಡಿ ಮರ ಬಿಡಿಸುವುದೇ ‘ನಿಸರ್ಗ ಚಿತ್ರ’ ಎನಿಸಿಕೊಳ್ಳುತ್ತಿದೆ. ಬೆಂಗಳೂರಿನ ಹೂಮರಗಳ ಎದುರೇ ಕೂತು ಚಿತ್ರ ಬರೆದ, ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರ (1910–1988) ಊರಿನಲ್ಲಿ ಇದು ಬೇಸರದ ಸಂಗತಿ. ಕ್ಯಾಮೆರಾ ನೆರಳನ್ನು ಬರೀ ಕಪ್ಪಾಗಿಸುತ್ತದೆ. ಬರಿಗಣ್ಣಿಗೆ ಅಲ್ಲಿ ನೀಲಿ, ನೇರಳೆ, ಹಸಿರು ಎಲ್ಲವೂ ಕಾಣುತ್ತವೆ.

ಜಲವರ್ಣಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವೇ ಬೇಕು. ತೆಳು ಹಾಳೆ ನೀರು ಕುಡಿದು ಉಬ್ಬುತ್ತದೆ, ತಗ್ಗಿನಲ್ಲಿ ಬಣ್ಣ ಮಡುಗಟ್ಟುತ್ತದೆ. ಹಾಳೆ ನೆರಳಿನಲ್ಲಿರಲಿ, ನೇರ ಬಿಸಿಲಿನಲ್ಲಿ ಸರಿಯೆನಿಸಿದ ಬಣ್ಣ ಮನೆಯೊಳಗೆ ಮಂಕಾಗಿ ಕಾಣುತ್ತದೆ. ಎರಡು ಗಂಟೆಯಲ್ಲಿ ಬೆಳಕು ಬದಲಾಗುವುದರಿಂದ ನೆರಳಿನ ಆಕಾರಗಳನ್ನು ಮೊದಲೇ ಗುರುತಿಸಿ, ಆಮೇಲೆ ತಿದ್ದಬಾರದು. ಸೂರ್ಯನ ಹಿಂದೆ ಬಿದ್ದರೆ ಒಂದೇ ಮರಕ್ಕೆ ಎರಡು ದಿಕ್ಕಿನ ನೆರಳು!

ಗುಲ್‌ಮೊಹರ್‌ನಲ್ಲಿ ಹೆಚ್ಚಿನವರು ಎಡವುತ್ತಾರೆ. ಹಸಿರು ಬಳಿದು ಮೇಲೆ ಕೆಂಪು ಹಚ್ಚಿದರೆ ಪಾರದರ್ಶಕ ಬಣ್ಣ ಕಂದು ಕೆಸರಾಗುತ್ತದೆ. ಹೂವಿನ ಜಾಗವನ್ನು ಬಿಳಿಯಾಗಿಯೇ ಉಳಿಸಿಕೊಂಡು, ಸುತ್ತಲಿನ ಹಸಿರು ಒಣಗಿದ ಮೇಲೆ ಕೆಂಪು ಹಾಕಬೇಕು. ಮಾರ್ಚ್ ಬಿಸಿಲಿಗೆ ಬಣ್ಣ ಬೇಗ ಒಣಗಿ ಗೆರೆ ಕಟ್ಟುತ್ತದೆ. ಹಾಳೆಯ ಹಿಂಬದಿಯನ್ನೂ ಒದ್ದೆ ಮಾಡಿಕೊಂಡರೆ ತುಸು ಸಮಯ ಸಿಗುತ್ತದೆ. ಟಬೆಬುಯಾ ಮರದ ಹೂವಿನ ಗುಲಾಬಿ ಬಣ್ಣಕ್ಕೆ ಅಲಿಝರಿನ್ ಎಂಬ ಕೆಂಪು ಬೇಡ, ಬೆಳಕಿಗೆ ಮಾಸುತ್ತದೆ, ಕ್ವಿನಾಕ್ರಿಡೋನ್ ಎಂಬ ಬಣ್ಣ ಬಾಳುತ್ತದೆ.

ಶಿಬಿರ ನಡೆಸುವವರು ವಾರಕ್ಕೊಮ್ಮೆಯಾದರೂ ಬೆಳಿಗ್ಗೆ 7ಕ್ಕೆ ಮಕ್ಕಳನ್ನು ಲಾಲ್‌ಬಾಗ್‌ಗೋ ಹತ್ತಿರದ ಉದ್ಯಾನಕ್ಕೋ ಕರೆದೊಯ್ಯಲಿ. ಕುಂಚ ತೊಳೆದ ನೀರನ್ನು ಮಾತ್ರ ಗಿಡದ ಬುಡಕ್ಕೆ ಸುರಿಯದೆ ಬಾಟಲಿಯಲ್ಲಿ ವಾಪಸ್ ತರಲಿ.

– ಚಿತ್ರಕಲಾಸಕ್ತರು, ಬೆಂಗಳೂರು