ಎ.ಸಿ. ಅಪ್ರೆಂಟಿಸ್ ತರಬೇತಿ ಮಳೆಗಾಲದಲ್ಲೇ ಶುರುವಾಗಲಿ

ಸಂಪಾದಕರಿಗೆ,

ಐಟಿಐನಲ್ಲಿ ಎರಡು ವರ್ಷ ರೆಫ್ರಿಜರೇಷನ್, ಏರ್ ಕಂಡೀಷನಿಂಗ್ ಕಲಿತ ಹುಡುಗರು ಸರ್ವಿಸ್ ಅಂಗಡಿಗಳಿಗೆ ನೆನಪಾಗುವುದು ಹೆಚ್ಚಾಗಿ ಬೇಸಿಗೆ ಹೊಸ್ತಿಲಿಗೆ ಬಂದಾಗ. ಆಗ ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಏಣಿ ಹಿಡಿಯುವುದು, ಔಟ್‌ಡೋರ್ ಯೂನಿಟ್ ಹೊರುವುದು, ಗೋಡೆ ಕೊರೆಯುವುದು, ಇಷ್ಟರಲ್ಲೇ ಮೇ ಮುಗಿಯುತ್ತದೆ. ಹಿರಿಯ ಮೆಕ್ಯಾನಿಕ್‌ಗೆ ಹಲವೆಡೆ ದುಡ್ಡು ಸಿಗುವುದು ದಿನಕ್ಕೆ ಎಷ್ಟು ಎ.ಸಿ. ಕೂರಿಸಿದರು ಎಂಬ ಲೆಕ್ಕದಲ್ಲಿ. ಅವರು ಅವಸರದಲ್ಲಿ ಹಿಡಿದ ಅಡ್ಡದಾರಿಯೇ ಹುಡುಗನಿಗೆ ಪಾಠವಾಗುತ್ತದೆ.

ಅತಿ ಸಾಮಾನ್ಯವಾದ ಅಡ್ಡದಾರಿ ಎಂದರೆ ಪೈಪಿನೊಳಗಿನ ಗಾಳಿ, ತೇವ ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪ್ ಹಚ್ಚದೆ, ಯೂನಿಟ್‌ನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನೊಳಗಿನ ಗಾಳಿಯನ್ನು ಹೊರದಬ್ಬುವುದು. ಎ.ಸಿ. ಅಂದು ತಣ್ಣಗೇ ಓಡುತ್ತದೆ. ಆದರೆ ಒಳಗುಳಿದ ಗಾಳಿ, ಶಾಖ ಹೊರಹಾಕುವ ಭಾಗವಾದ ಕಂಡೆನ್ಸರ್‌ನಲ್ಲಿ ಒತ್ತಡ ಏರಿಸುತ್ತದೆ, ಕಂಪ್ರೆಸರ್ ಬಿಸಿಯೇರುತ್ತದೆ, ಕರೆಂಟ್ ಬಿಲ್ಲು ಹೆಚ್ಚುತ್ತದೆ. ಒಳಗುಳಿದ ತೇವ ಕಂಪ್ರೆಸರ್ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಅದರ ಮೋಟಾರಿನ ತಂತಿ ಸುರುಳಿ (ವೈಂಡಿಂಗ್) ಹಾಳುಮಾಡುತ್ತದೆ. ಕಂಪ್ರೆಸರ್ ಸುಟ್ಟುಹೋಗುವ ಹೊತ್ತಿಗೆ ಅದನ್ನು ಯಾರು ಕೂರಿಸಿದ್ದು ಎಂಬುದು ಯಾರಿಗೂ ನೆನಪಿರುವುದಿಲ್ಲ. ಹೊಸ ಎ.ಸಿ.ಗಳಲ್ಲಿ ಬರುವ ಆರ್-32 ಬೆಂಕಿ ಹತ್ತಿಕೊಳ್ಳಬಲ್ಲ ಗ್ಯಾಸ್. ಬೆಂಕಿ ಹತ್ತದ ಹಳೆಯ ಗ್ಯಾಸ್ ಆರ್-22 ಕಾಲದ ಈ ಅಭ್ಯಾಸ ಈಗ ಇನ್ನೂ ಅಪಾಯಕಾರಿ.

ಸರಿಯಾದ ಕ್ರಮ ಕೈಗೆ ಹತ್ತಬೇಕಾದರೆ ಬಿಡುವಿನಲ್ಲಿ ಮತ್ತೆ ಮತ್ತೆ ಮಾಡಬೇಕು. ತಾಮ್ರದ ಪೈಪನ್ನು ಗರಗಸದಲ್ಲಲ್ಲ, ಕಟರ್‌ನಲ್ಲಿ ಕತ್ತರಿಸಬೇಕು. ಚೂರು ಒಳಗೆ ಬೀಳದಂತೆ ಪೈಪಿನ ಬಾಯಿ ಕೆಳಮುಖ ಮಾಡಿ ಅಂಚು ಹೆರೆಯಬೇಕು. ನಟ್ ಪೋಣಿಸಿದ ಮೇಲೆ ಪೈಪಿನ ಬಾಯಿ ಅಗಲಿಸಿ ಫ್ಲೇರ್ ಮಾಡಬೇಕು. ಬಿಗಿಯುವುದು ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದ: ಕಾಲಿಂಚು ಪೈಪಿಗೆ ಸುಮಾರು 16 ನ್ಯೂಟನ್ ಮೀಟರ್, ಅರ್ಧ ಇಂಚಿಗೆ ಸುಮಾರು 55. ಅತಿಯಾಗಿ ಬಿಗಿದರೆ ಫ್ಲೇರ್ ತೆಳುವಾಗಿ ಸೀಳುತ್ತದೆ. 'ಗ್ಯಾಸ್ ಖಾಲಿ' ಎಂಬ ದೂರುಗಳಲ್ಲಿ ಬಹಳಷ್ಟರ ಮೂಲ ಇಂಥ ಜಾಯಿಂಟ್‌ಗಳೇ. ಗ್ಯಾಸ್ ಪೆಟ್ರೋಲ್‌ನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಲೀಕ್ ಇದೆ, ಅದನ್ನು ಹುಡುಕದೆ ತುಂಬಿಸಬಾರದು.

ಲೀಕ್ ನೋಡಲು ರೆಗ್ಯುಲೇಟರ್ ಹಾಕಿದ ನೈಟ್ರೋಜನ್ ಮಾತ್ರ ಬಳಸಬೇಕು. ಪೈಪ್ ಬೆಸೆಯುವ ಬ್ರೇಜಿಂಗ್‌ಗೆ ತಂದ ಆಕ್ಸಿಜನ್ ಪಕ್ಕದಲ್ಲೇ ಇದೆ ಎಂದು ಅದನ್ನು ಒಳಗೆ ಬಿಟ್ಟರೆ ಎಣ್ಣೆಯ ಜೊತೆ ಸೇರಿ ಸ್ಫೋಟವಾಗುತ್ತದೆ. ಇದನ್ನು ಮೊದಲ ದಿನವೇ ಹೇಳಬೇಕು. ಆಮೇಲೆ ವ್ಯಾಕ್ಯೂಮ್: ಒಳಗುಳಿದ ಒತ್ತಡವನ್ನು ಅಳೆಯುವುದು ಮೈಕ್ರಾನ್ ಲೆಕ್ಕದಲ್ಲಿ. ಅದನ್ನು 500 ಮೈಕ್ರಾನ್‌ಗಿಂತ ಕೆಳಗಿಳಿಸಿ, ವಾಲ್ವ್ ಮುಚ್ಚಿ, ಹತ್ತು ನಿಮಿಷ ಕಾಯಬೇಕು. ಅಳತೆ ಸ್ವಲ್ಪ ಏರಿ ನಿಂತರೆ ತೇವ ಉಳಿದಿದೆ, ಏರುತ್ತಲೇ ಹೋದರೆ ಲೀಕ್ ಇದೆ. ಒತ್ತಡ ನೋಡಲು ಹಚ್ಚುವ ಮ್ಯಾನಿಫೋಲ್ಡ್‌ನ ನೀಲಿ ಗೇಜ್‌ಗೆ 500ಕ್ಕೂ 5,000ಕ್ಕೂ ವ್ಯತ್ಯಾಸ ಗೊತ್ತಾಗದು. ಮೈಕ್ರಾನ್ ಗೇಜ್ ಇಲ್ಲದ ಅಂಗಡಿಯಲ್ಲಿ ಈ ಪಾಠ ಆಗುವುದೇ ಇಲ್ಲ.

1961ರ ಅಪ್ರೆಂಟಿಸ್ ಕಾಯ್ದೆಯ ಅಡಿ 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಇದ್ದರೆ ಅವರ ಇಚ್ಛೆ. ಮನೆ ಎ.ಸಿ. ಕೆಲಸ ಬಹುಪಾಲು ನಡೆಯುವುದು ಈ ಸಣ್ಣ ಅಂಗಡಿಗಳಲ್ಲೇ. ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡ್‌ನ ಶೇ 25ರಷ್ಟು, ತಿಂಗಳಿಗೆ ಗರಿಷ್ಠ 1,500 ರೂಪಾಯಿ, ಕೇಂದ್ರ ಸರ್ಕಾರವೇ ಕೊಡುತ್ತದೆ. ಆದರೂ ಅನೇಕ ಹುಡುಗರು ಒಪ್ಪಂದವಿಲ್ಲದ ಹೆಲ್ಪರ್‌ಗಳಾಗಿಯೇ ಉಳಿಯುತ್ತಾರೆ.

ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ಐಟಿಐ ಫಲಿತಾಂಶ ಬಂದ ಕೂಡಲೇ ಈ ಅಂಗಡಿಯವರನ್ನು ಕರೆದು ಒಪ್ಪಂದ ಮಾಡಿಸಲಿ. ಮಳೆಗಾಲದ ತಿಂಗಳುಗಳಲ್ಲಿ ಮೆಕ್ಯಾನಿಕ್‌ಗಳಿಗೂ ಬಿಡುವಿರುತ್ತದೆ, ಗುಜರಿ ಯೂನಿಟ್‌ಗಳ ಮೇಲೆ ಅಭ್ಯಾಸ ಮಾಡಿಸಬಹುದು. ನಾಲ್ಕೈದು ಅಂಗಡಿಗಳು ಸೇರಿ ಬಳಸುವಂತೆ ಪಂಪ್, ಮೈಕ್ರಾನ್ ಗೇಜ್, ಟಾರ್ಕ್ ರೆಂಚ್, ಡಿಜಿಟಲ್ ತಕ್ಕಡಿ ಹತ್ತಿರದ ಐಟಿಐನಲ್ಲೇ ಸಿಗಲಿ. ಲಾಗ್‌ಬುಕ್‌ನಲ್ಲಿ ಮೇಲ್ವಿಚಾರಕರ ಸಹಿಯಷ್ಟೇ ಸಾಲದು. ಪ್ರತಿ ಕೆಲಸಕ್ಕೂ ನೈಟ್ರೋಜನ್ ಒತ್ತಡ ಎಷ್ಟಿತ್ತು, ವ್ಯಾಕ್ಯೂಮ್ ಎಷ್ಟು ಮೈಕ್ರಾನ್‌ಗೆ ಇಳಿಯಿತು, ಎಷ್ಟು ಗ್ರಾಂ ಗ್ಯಾಸ್ ತುಂಬಿತು ಎಂಬುದನ್ನು ಅಪ್ರೆಂಟಿಸ್ ತನ್ನ ಕೈಯಾರೆ ಬರೆಯಬೇಕು. ಎತ್ತರದ ಕೆಲಸವಾದರೆ ಸೇಫ್ಟಿ ಬೆಲ್ಟ್ ಕೊಟ್ಟಿದ್ದರೋ ಇಲ್ಲವೋ ಎಂಬುದನ್ನೂ.

ಎ.ಸಿ. ತಾಂತ್ರಿಕ ತರಬೇತುದಾರರು, ಹುಬ್ಬಳ್ಳಿ