ಕುದುರೆಮಸಾಲೆ ಸೊಪ್ಪಿನ ಪರಿಮಳ

ಪ್ರೀತಿಯ ತಂಗಿ,

ನೀನು ಕಳಿಸಿದ, ಅರ್ಜೆಂಟೀನಾದ ಎರಡೂ ಟ್ಯಾಂಗೋ ಹಾಡುಗಳ ಅನುವಾದ ಓದಿದೆ. ‘ನನ್ನ ಕೈಲಾಗದು, ಬಿಟ್ಟುಬಿಡ್ತೀನಿ’ ಎಂದು ಕೊನೆಗೆ ಬರೆದಿದ್ದೀಯಲ್ಲ, ಆ ಮಾತು ಹಿಂದಕ್ಕೆ ತಗೋ. ಇಷ್ಟು ಕಿವಿ ಇರುವವರು ಬಿಡಬಾರದು. ಪ್ರಾಸ, ಮಾತ್ರೆ, ಯಾವ ಪತ್ರಿಕೆಗೆ ಕಳಿಸುವುದು, ಇವೆಲ್ಲ ಆಮೇಲೆ. ನನ್ನ ತಕರಾರು ಒಂದೇ. ಮೂಲದಲ್ಲಿಲ್ಲದ ಕಡೆ ‘ಸವಿನೆನಪು’, ‘ಕಳೆದ ಬಾಲ್ಯ’, ‘ಹಂಬಲ’ ಅಂತ ಸುರಿದಿದ್ದೀಯೆ. ಎಣಿಸಿದೆ, 11 ಸಲ.

‘ಸುರ್’ ನೋಡು, ಅಂದರೆ ದಕ್ಷಿಣ. 1948ರ ಹಾಡು, ಪದ ಓಮೆರೊ ಮಾನ್ಸಿಯದು, ಸಂಗೀತ ಆನಿಬಲ್ ತ್ರೊಯ್ಲೊ ಅವರದು. ಮೊದಲ ನುಡಿಯಲ್ಲಿ ಬ್ಯೂನಸ್ ಐರಿಸ್‌ನ ಸಾನ್ ಹುವಾನ್–ಬೊಯೆದೊ ರಸ್ತೆ ಕೂಡುವ ಜಾಗ, ಇಡೀ ಆಕಾಶ, ಪೊಂಪೇಯ ಎಂಬ ಬಡಾವಣೆ, ಅದರಾಚೆ ನೆರೆನೀರು. ಆಮೇಲೆ ಕಮ್ಮಾರನ ಮೂಲೆ, ಕೆಸರು, ಅವಳ ಮನೆ, ಕೊರಕಲು. ‘ನೆನಪು’ ಒಂದು ಸಲ ಹಗುರವಾಗಿ ಸುಳಿಯುತ್ತದೆ. ‘ನೊಸ್ಟಾಲ್ಜಿಯಾ’ ಎಂಬ ಮಾತಂತೂ ಕೊನೆಯ ನುಡಿಯ ಉತ್ತರಾರ್ಧದವರೆಗೆ ಬರುವುದೇ ಇಲ್ಲ. ನೀನು ಅದನ್ನು ಮೊದಲ ಸಾಲಿಗೇ ತಂದು ಕೂರಿಸಿದ್ದೀಯೆ!

ಕೊನೆಯ ನುಡಿಯಲ್ಲಿ ಅದೇ ರಸ್ತೆ ಮತ್ತೆ ಬರುತ್ತದೆ. ಈಗ ‘ಇಡೀ ಆಕಾಶ’ ಇಲ್ಲ, ‘ಕಳೆದುಹೋದ ಆಕಾಶ’. ನಿನ್ನಲ್ಲಿ ಎರಡೂ ಕಡೆ ‘ಕಳೆದ ಬಾನು’. ಮೊದಲ ಸಲ ಆಕಾಶ ಪೂರ್ತಿ ಇರಬೇಕಮ್ಮ. ಇಲ್ಲದಿದ್ದರೆ ಎರಡನೇ ಸಲ ಕಳೆದುಕೊಳ್ಳುವುದಕ್ಕೆ ಏನಿರುತ್ತದೆ?

‘ಆಲ್ಫಾಲ್ಫಾ’ಕ್ಕೆ ‘ಸುಗಂಧ ತೃಣ’ ಎಂದಿದ್ದೀಯೆ. ಅದು ದನ, ಕುದುರೆಗೆ ಹಾಕುವ ಮೇವು. ನಮ್ಮ ರೈತರು ಕುದುರೆಮಸಾಲೆ ಸೊಪ್ಪು ಅನ್ನುತ್ತಾರೆ. ಮಾನ್ಸಿ ಕಳೆಗಿಡ ಮತ್ತು ಮೇವಿನ ವಾಸನೆಗೆ ‘ಪರಿಮಳ’ ಅನ್ನುತ್ತಾರೆ. ಗಿಡವೇ ಸುಗಂಧದ್ದಾದರೆ ಪರಿಮಳ ಎಂಬ ಮಾತಿಗೆ ಕೆಲಸವೇ ಇರುವುದಿಲ್ಲ.

ಇನ್ನು ಡಿಸ್ಸೆಪೊಲೊ ಅವರ ‘ಕಫೆತಿನ್ ದೆ ಬ್ಯೂನಸ್ ಐರಿಸ್’, ಅದೂ 1948ರದೇ. ಹುಡುಗ ಚಳಿಯಲ್ಲಿ ಹೊರಗೆ ನಿಂತು, ಗಾಜಿಗೆ ಮೂಗು ಒತ್ತಿ ಕಾಫಿ ಅಂಗಡಿಯ ಒಳಗೆ ನೋಡುತ್ತಾನೆ. ಮೂಗಿಗೆ ಅವರು ಬಳಸಿದ್ದು ‘ಞಾತಾ’, ಗಲ್ಲಿಯ ಮಾತು. ‘ನಾಸಿಕ’ ಗಾಜಿಗೆ ಒತ್ತಿದರೆ ಚಪ್ಪಟೆಯಾಗುತ್ತದೆಯೇ? ಹಾಗೆಯೇ ‘ಮಿ ವಿಯೆಹಾ’ ಅಂದರೆ ಜನನಿಯಲ್ಲ, ಅವ್ವ. ಅಲ್ಲಿ ಅವನು ಕಲಿತದ್ದು ತತ್ವಜ್ಞಾನ, ದಾಳ, ಜೂಜು, ಮೂರೂ ಒಂದೇ ಉಸಿರಿನಲ್ಲಿ. ಜೂಜನ್ನು ಯಾಕೆ ಬಿಟ್ಟೆ? ಬಾಲ್ಯಕ್ಕೆ ಮೈಲಿಗೆಯಾಗುತ್ತದೆ ಅಂತಲೇ?

ಬಾಲ್ಯ ಎಂದ ಕೂಡಲೇ ಕಣ್ಣೊರೆಸಿಕೊಂಡು ‘ಹೃದ್ಯ’ ಎಂದು ಷರಾ ಬರೆಯುವ ವಿಮರ್ಶಕರ ಮೇಲೆ ನನಗೆ ಹಳೆಯ ಸಿಟ್ಟಿದೆ. ಎಷ್ಟೋ ಒಳ್ಳೆಯ ಕೈಗಳನ್ನು ಆ ಒಂದು ಮಾತು ಕೆಡಿಸಿತು. ನಿನಗೂ ಯಾರೋ ಹಾಗೆ ಹೇಳಿದ್ದಾರೆ, ನಿನ್ನ ವಿಶೇಷಣಗಳಲ್ಲೇ ಗೊತ್ತಾಗುತ್ತದೆ.

ಒಂದು ಸಣ್ಣ ಸಂಗತಿ. ‘ಸುರ್’ ಪಲ್ಲವಿ ಶುರುವಾಗುವುದು ಆ ಒಂದೇ ಅಕ್ಷರವನ್ನು ಎಳೆದು. ‘ದಕ್ಷಿಣ ದಿಕ್ಕೇ’ ಅಲ್ಲಿ ಕೂರುವುದಿಲ್ಲ. ‘ತೆಂಕು’ ಹಾಕಿ ಹಾಡಿ ನೋಡು. ಯಕ್ಷಗಾನದ ತೆಂಕುತಿಟ್ಟಿನಲ್ಲಿ ಆ ಪದ ಇನ್ನೂ ಜೀವಂತವಾಗಿದೆ.

ಸದ್ಯಕ್ಕೆ ಮೊದಲ 8 ಸಾಲು ಮಾತ್ರ ತಿದ್ದಿ ಕಳಿಸು. ಕೊರಕಲನ್ನು ಮರೀಬೇಡ, ಎರಡೂ ಕರಡಿನಲ್ಲಿ ಅದು ಬಿಟ್ಟುಹೋಗಿದೆ.

ಇತಿ,
ನಿನ್ನ ಅಣ್ಣ