ಈ ತಿಂಗಳು ಪಾಸ್‌ವರ್ಡ್ ಪತ್ರ ಬರಲಿಲ್ಲ

ಒಂದನೇ ತಾರೀಖು ಕಳೆಯುತ್ತಲೇ ನಾಲ್ಕೈದು ಮಂದಿ ವಿಚಾರಿಸಿದರು: ‘ಪಾಸ್‌ವರ್ಡ್ ನೆನಪಿಸುವ ಪತ್ರ ಈ ಸಲ ಬರಲಿಲ್ಲವಲ್ಲ, ನಮ್ಮ ಮೇಲಿಂಗ್ ಲಿಸ್ಟ್ ನಿಂತುಹೋಯಿತೇ?’ ನಿಂತಿಲ್ಲ. ಒಬ್ಬರು ಬರೆದ ಪತ್ರವನ್ನು ಲಿಸ್ಟಿನ ಎಲ್ಲರಿಗೂ ಹಂಚುವ ತಂತ್ರಾಂಶ ಮೇಲ್‌ಮ್ಯಾನ್; ಅದರ ಹಳೆಯ ಆವೃತ್ತಿ 2.1 ಬಿಟ್ಟು ಮೇಲ್‌ಮ್ಯಾನ್ 3ಕ್ಕೆ ಬಂದಿದ್ದೇವೆ. ತಿಂಗಳಿಗೊಮ್ಮೆ ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದೆ ಬರೆದು ಕಳಿಸುವುದು ಹಳೆಯದರ ಚಾಳಿ, ಹೊಸದಕ್ಕೆ ಅದಿಲ್ಲ. ಇಷ್ಟು ವರ್ಷ ಆ ಪತ್ರವನ್ನು ಬೈದುಕೊಂಡೇ ಅಳಿಸುತ್ತಿದ್ದವರು ಒಳಗೊಳಗೇ ಅದಕ್ಕೆ ಕಾಯುತ್ತಿದ್ದರೆಂದು ಈಗ ತಿಳಿಯಿತು.

ಈ ಕೆಲಸವನ್ನು ಮುಂದೂಡುತ್ತ ಬಂದವನು ನಾನೇ. ಮೇಲ್‌ಮ್ಯಾನ್ 3 ಹೊರಬಂದದ್ದು 2015ರಲ್ಲಿ. ಹಳೆಯದಕ್ಕೆ ಆಧಾರವಾಗಿದ್ದ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಆಮೇಲೂ ‘ನಡೆಯುತ್ತಿದೆಯಲ್ಲ’ ಎಂದು ಕುಳಿತಿದ್ದೆ. ಸರ್ವರ್‌ನ ಆಪರೇಟಿಂಗ್ ಸಿಸ್ಟಂ ಬದಲಿಸಲೇಬೇಕಾಗಿ ಬಂದು, ಹೊಸದರಲ್ಲಿ ಪೈಥಾನ್ 2 ಇಲ್ಲವೇ ಇಲ್ಲ ಎಂದು ಕಂಡಾಗ ನನ್ನ ನೆಪಗಳೆಲ್ಲ ತೀರಿದವು.

ಹೆಸರು ಒಂದೇ ಆದರೂ ಇದು ಬೇರೆಯೇ ತಂತ್ರಾಂಶ. ಪತ್ರ ಹಂಚುವ ಕೋರ್ ಒಂದು, ಸದಸ್ಯತ್ವ ನೋಡಿಕೊಳ್ಳುವ ಪೋಸ್ಟೋರಿಯಸ್ ಇನ್ನೊಂದು, ಹಳೆಯ ಪತ್ರಗಳನ್ನು ತೋರಿಸುವ ಹೈಪರ್‌ಕಿಟ್ಟಿ ಮತ್ತೊಂದು. ಸದಸ್ಯರನ್ನೂ ಸೆಟ್ಟಿಂಗುಗಳನ್ನೂ ತರುವುದು ಕಷ್ಟವಾಗಲಿಲ್ಲ. ಅದಕ್ಕೆಂದೇ ಒಂದು ಕಮಾಂಡ್ ಇದೆ. ಸಿಕ್ಕಿಕೊಂಡದ್ದು ಹಳೆಯ ಪತ್ರಗಳಲ್ಲಿ.

ಅವೆಲ್ಲ ಪತ್ರಗಳನ್ನು ಒಂದರ ಕೆಳಗೊಂದು ಜೋಡಿಸಿಡುವ ಎಂಬಾಕ್ಸ್ ಎಂಬ ಒಂದೇ ಉದ್ದನೆಯ ಕಡತದಲ್ಲಿದ್ದವು. ಆ ಕಡತದಲ್ಲಿ ‘ಫ್ರಮ್’ ಎಂಬ ಇಂಗ್ಲಿಷ್ ಪದದಿಂದ ಶುರುವಾಗುವ ಸಾಲು ಬಂದರೆ ಅಲ್ಲಿಂದ ಹೊಸ ಪತ್ರ ಎಂದು ಲೆಕ್ಕ. ಯಾರಾದರೂ ಒಕ್ಕಣೆಯ ನಡುವೆ ಅದೇ ಪದದಿಂದ ಸಾಲು ಆರಂಭಿಸಿದ್ದು, ಅದರ ಹಿಂದೆ ‘ಇದು ಹೊಸ ಪತ್ರವಲ್ಲ’ ಎನ್ನುವ ಗುರುತು ಬೀಳದೆ ಹೋಗಿದ್ದರೆ ಪತ್ರ ಅಲ್ಲೇ ಎರಡು ತುಂಡು. ಇಂಥವನ್ನು ಹಿಡಿಯಲು ಒಂದು ಸಣ್ಣ ಪ್ರೋಗ್ರಾಂ ಇದೆ. ಮುಂದಿನ ಸಾಲು ಕಳಿಸಿದವರು, ತಾರೀಖು ಮುಂತಾದವನ್ನು ಹೇಳುವ ತಲೆಬರಹದಂತಿದೆಯೇ ಎಂದು ನೋಡಿ ತೀರ್ಮಾನಿಸುತ್ತದೆ. ಆದರೆ ನಮ್ಮವರು ಬೇರೆಯವರ ಪತ್ರವನ್ನು ತಲೆಬರಹ ಸಮೇತ ತಮ್ಮ ಪತ್ರದೊಳಗೆ ಅಂಟಿಸುವುದರಲ್ಲಿ ನಿಸ್ಸೀಮರು. ಅಲ್ಲಿ ಪ್ರೋಗ್ರಾಂ ಸೋತಿತು, ನಾನೂ ಸೋತೆ.

ಗೆದ್ದವರು ನಮ್ಮ ಹಿರಿಯ ಸದಸ್ಯೆಯೊಬ್ಬರು. ಹೆಸರು ಹಾಕಬೇಡಿ ಎಂದಿದ್ದಾರೆ. ಸರ್ವರ್ ಎಂದರೆ ಅವರಿಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇಲ್ಲ. ನಾನು ಕಳಿಸಿದ ಅನುಮಾನದ ಸಾಲುಗಳ ಪಟ್ಟಿಯನ್ನು ಹಿಡಿದು ಮೂರು ವಾರ ಕುಳಿತರು. ‘ಇದು ಬೇರೆ ಪತ್ರವಲ್ಲ, ಆ ಜಗಳದಲ್ಲಿ ಅವರು ನನಗೆ ಕೊಟ್ಟ ಉತ್ತರದ ಕೊನೆಯ ಭಾಗ’ ಎಂದು ಗುರುತು ಹಾಕಿ ಕಳಿಸುತ್ತಿದ್ದರು. ಜಗಳ ಆಡಿದವರಿಗೆ ಮಾತ್ರ ಇರುವ ನೆನಪು ಅದು. ಅಮ್ಮಾ, ನಿಮ್ಮ ಋಣ ದೊಡ್ಡದು.

ಇನ್ನೊಂದು ಋಣ ನಮ್ಮ ತಂಡದ ಅತಿ ಕಿರಿಯನದು. ಹೊಸ ಸರ್ವರ್‌ಗೆ ನಾನು ಉತ್ಸಾಹದಿಂದ ಒಂದು ಪರೀಕ್ಷಾ ಪತ್ರ ಕಳಿಸಿದೆ. ಆಮೇಲೆ ಹಳೆಯ ಪತ್ರಗಳನ್ನು ತುಂಬಿಸಿದರೆ ಒಂದೂ ಒಳಗೆ ಬರಲಿಲ್ಲ, ದೋಷದ ಸೂಚನೆಯೂ ಇಲ್ಲ. ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ಆತ ಹೈಪರ್‌ಕಿಟ್ಟಿಯ ಕೈಪಿಡಿ ಓದಿ, ಈಗಾಗಲೇ ಇರುವ ಕೊನೆಯ ಪತ್ರಕ್ಕಿಂತ ಹೊಸದನ್ನು ಮಾತ್ರ ಅದು ತೆಗೆದುಕೊಳ್ಳುತ್ತದೆ, ಎಲ್ಲಿಂದ ಶುರುಮಾಡಬೇಕೆಂದು ನಾವೇ ತಾರೀಖು ಕೊಡಬೇಕು ಎಂದ. ‘ಸಾರ್, ನಿಮ್ಮ ಪರೀಕ್ಷಾ ಪತ್ರವೇ ಬಾಗಿಲು ಹಾಕಿದ್ದು’ ಎಂದು ನಗದೆ ಹೇಳಿದ್ದಕ್ಕೆ ಪ್ರತ್ಯೇಕ ಧನ್ಯವಾದ. ಡೇಟಾಬೇಸ್ ಅಕ್ಷರಕ್ಕೆ 3 ಬೈಟ್‌ಗಿಂತ ಹೆಚ್ಚು ಜಾಗ ಕೊಡದೆ, 4 ಬೈಟ್ ಬೇಡುವ ಎಮೋಜಿ ಇದ್ದ ಪತ್ರಗಳನ್ನೆಲ್ಲ ತಿರಸ್ಕರಿಸುತ್ತಿದ್ದುದನ್ನು ಕಂಡುಹಿಡಿದವನೂ ಅವನೇ.

ಹಳೆಯ ಕೊಂಡಿಗಳು ಕೆಡಬಾರದು ಎಂದು ಕಟುವಾಗಿಯೇ ಬರೆದವರೊಬ್ಬರಿದ್ದಾರೆ. ಆ ಧಾಟಿ ನನಗೆ ಹಿಡಿಸಲಿಲ್ಲ, ಆದರೆ ಮಾತು ಸರಿಯಾಗಿತ್ತು. ಹಳೆಯ ಪುಟಗಳು ಇದ್ದ ವಿಳಾಸದಲ್ಲೇ ಇದ್ದಂತೆ ಉಳಿದಿವೆ. ಮೇಲ್‌ಮ್ಯಾನ್ ಕಟ್ಟಿದ ಸ್ವಯಂಸೇವಕರನ್ನೂ ನೆನೆಯಬೇಕು. ನನಗೆ ಬಂದ ಪ್ರತಿ ತೊಡಕಿಗೂ ಹುಡುಕಿದಾಗ, ಅವರಲ್ಲೊಬ್ಬರಾದ ಮಾರ್ಕ್ ಸಪೈರೊ ಬೇರೆ ಯಾರಿಗೋ ಎಂದೋ ತಾಳ್ಮೆಯಿಂದ ಕೊಟ್ಟ ಉತ್ತರ ಸಿಗುತ್ತಿತ್ತು.

ಹಳೆಯ ಪಾಸ್‌ವರ್ಡ್ ಇನ್ನು ನಡೆಯುವುದಿಲ್ಲ. ಈಗಿರುವ ಇಮೇಲ್ ವಿಳಾಸದಿಂದಲೇ ಹೊಸದಾಗಿ ಖಾತೆ ತೆರೆದರೆ ನಿಮ್ಮ ಸದಸ್ಯತ್ವ ಅಲ್ಲಿ ಕಾಣಿಸುತ್ತದೆ. ಕಳಿಸಿದವರ ಗಡಿಯಾರ ತಪ್ಪಿದ್ದರಿಂದ ಕೆಲವು ಪತ್ರಗಳು ಇನ್ನೂ ಬಾರದ ವರ್ಷಗಳಲ್ಲಿ ಹೋಗಿ ಕುಳಿತಿವೆ, ಕಂಡರೆ ತಿಳಿಸಿ.

ನಿನ್ನೆ ಹಳೆಯ ಯಂತ್ರವನ್ನು ಬಂದ್ ಮಾಡಿದೆ. ಪ್ರತಿ ತಿಂಗಳ ಒಂದನೇ ತಾರೀಖು ಬೆಳಗಿನ 5 ಗಂಟೆಗೆ ಆ ಪಾಸ್‌ವರ್ಡ್ ಪತ್ರಗಳನ್ನು ಕಳಿಸುತ್ತಿದ್ದ ಒಂದೇ ಒಂದು ಸಾಲಿನ ಕಮಾಂಡ್ ಅದರಲ್ಲಿ ಇನ್ನೂ ಇತ್ತು. ಅಳಿಸಲು ಮನಸ್ಸಾಗದೆ ಹಾಗೆಯೇ ಬಿಟ್ಟೆ.